‘ಏನಿಲ್ಲ ಸಾರ್’: ಒಂದು ಮೊಸರನ್ನದ ಪ್ರಕರಣ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆಯ ಕಾರ್ಖಾನೆಗಳಿಗೆ ಊಟ ಕಳಿಸುವ ಅಡುಗೆಮನೆಗಳು ಹೊರಗಿನಿಂದ ಗೋದಾಮಿನ ಹಾಗೆ ಕಾಣುತ್ತವೆ. ತಗಡಿನ ಸೂರು, ಹಿಂದೆ ಬಾಯ್ಲರ್, ಮುಂದೆ ಎರಡು ಟೆಂಪೋ. ಇಲ್ಲಿ ವಿವರಿಸಿರುವುದು ಅಂಥ ಯಾವುದೋ ಒಂದು ಸಂಸ್ಥೆಯ ಕತೆಯಲ್ಲ. ಇಂಥ ಕಡೆ ಮತ್ತೆ ಮತ್ತೆ ಕಾಣಸಿಗುವ ತಪ್ಪುಗಳು, ಮಾತುಗಳು, ತಿದ್ದುಪಡಿಗಳನ್ನು ಒಂದೇ ಸೂರಿನಡಿ ತಂದು ಅಧ್ಯಯನಕ್ಕೆಂದು ಕಟ್ಟಿದ ಪ್ರಕರಣ. ಜನರ ಲೆಕ್ಕ, ಗಂಟೆ, ಕಿಲೋಗಳು ಈ ಕಟ್ಟಿದ ಪ್ರಕರಣದವು. ವಿಜ್ಞಾನ, ಕಾನೂನಿನ ವಿವರಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಕೆಲಸಗಾರರು 46 ಮಂದಿ. ಮಧ್ಯಾಹ್ನಕ್ಕೆ 1,400 ಊಟ, ಸಂಜೆ ಪಾಳಿಗೆ 300. ಮುಖ್ಯ ಭಟ್ಟರು ಒಬ್ಬರು, ಅವರ ಕೈಕೆಳಗೆ ನಾಲ್ವರು ಅಡುಗೆಯವರು. ಹೆಚ್ಚುವವರು, ತೊಳೆಯುವವರು ಬಹುಪಾಲು ಮಂಡ್ಯ, ಮಳವಳ್ಳಿ, ಟಿ. ನರಸೀಪುರ ಕಡೆಯ ಹೆಂಗಸರು. ಲೋಡಿಂಗ್‌ಗೆ ಒಡಿಶಾ, ಬಿಹಾರದ ಹುಡುಗರು, ಅವರೆಲ್ಲ ಗುತ್ತಿಗೆದಾರನ ಮೂಲಕ ಬಂದವರು. ಮೇಲೆ ಒಬ್ಬ ಮ್ಯಾನೇಜರ್, ಅವರ ಮೇಲೆ ಮಾಲೀಕರು. ಗೋಡೆಯ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಪರವಾನಗಿ, ಪಕ್ಕದಲ್ಲಿ ಫಾಸ್ಟ್ಯಾಕ್ ಎಂಬ ಅದರ ಆಹಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ. ಆಹಾರ ಮುಟ್ಟುವ ಪ್ರತಿ 25 ಮಂದಿಗೆ ತರಬೇತಾದ ಒಬ್ಬ ಮೇಲ್ವಿಚಾರಕ ಬೇಕೆಂಬುದು ನಿಯಮ. ಇಲ್ಲಿ ಇಬ್ಬರು ತರಬೇತಿ ಪಡೆದಿದ್ದರು, ಮ್ಯಾನೇಜರ್ ಮತ್ತು ಅಕೌಂಟೆಂಟ್. ಕೊಪ್ಪರಿಗೆ ಪಕ್ಕ ನಿಲ್ಲುವವರು ಯಾರೂ ಆ ಪಟ್ಟಿಯಲ್ಲಿರಲಿಲ್ಲ.

ಆ ದಿನ

ಏಪ್ರಿಲ್ ತಿಂಗಳ ಒಂದು ಮಂಗಳವಾರ. ಸಂಜೆ ಪಾಳಿಗೆ ಅನ್ನ, ಸಾರು, ಪಲ್ಯದ ಜೊತೆ ಮೊಸರನ್ನ. ಸಂಜೆಗೆಂದು ಮತ್ತೆ ಒಲೆ ಹಚ್ಚುವುದೇಕೆಂದು ಬೆಳಗಿನ ಅನ್ನದಲ್ಲೇ 12 ಕಿಲೋ ಅಕ್ಕಿಯ ಪಾಲನ್ನು ತೆಗೆದಿಡುವುದು ಅಲ್ಲಿನ ರೂಢಿ. ಬೆಳಿಗ್ಗೆ 9.30ಕ್ಕೆ ಆ ಅನ್ನ, ಸುಮಾರು 32 ಕಿಲೋ, ಒಂದೇ ಆಳವಾದ ಕೊಪ್ಪರಿಗೆಗೆ ಬಿತ್ತು. ನೊಣ ಕೂರದಿರಲಿ ಎಂದು ಮುಚ್ಚಳ ಮುಚ್ಚಿದರು.

12.15ಕ್ಕೆ ಕಲಸಲು ಮುಚ್ಚಳ ತೆಗೆದ ಹುಡುಗ ಸೌಟು ಇಳಿಸಿದ. ಮೇಲುಪದರ ತಣ್ಣಗಿದೆ, ನಡುವಿನಿಂದ ಹಬೆ ಎದ್ದಿತು.

“ಭಟ್ರೇ, ನಡುವೆ ಇನ್ನೂ ಕಾಯ್ತಾ ಅದೆ. ಈಗ್ಲೇ ಕಲಸಿದ್ರೆ ಸಂಜೆಗಂಟ ಇರಕ್ಕಿಲ್ಲ.”

“ಟೆಂಪೋದವ್ನು ಹಾರ್ನ್ ಹೊಡೀತಿರೋದು ಕೇಳಿಸ್ತಾ ಇಲ್ವೇನೋ? ಮೊಸರು ಕಮ್ಮಿ ಮಾಡು, ಹಾಲು ಜಾಸ್ತಿ ಸುರಿ. ಸಂಜೆ ಹೊತ್ತಿಗೆ ಹದಕ್ಕೆ ಬರುತ್ತೆ.”

ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದ ಮ್ಯಾನೇಜರ್ ತಿರುಗಿ ನೋಡಿದರು. “ಏನಂತೆ?”

“ಏನಿಲ್ಲ ಸಾರ್, ಆಯ್ತು,” ಅಂದರು ಭಟ್ಟರು. ಮ್ಯಾನೇಜರ್ ಹುಡುಗನ ಮುಖ ನೋಡಿದರು, ಹುಡುಗ ನೆಲ ನೋಡಿದ. ಫೋನಿನ ಮಾತು ಮುಂದುವರಿಯಿತು.

ಕಲಸಿದ ಮೊಸರನ್ನ ಸಾಂಬಾರು ಕಳಿಸುವ ಹಾಟ್‌ಬಾಕ್ಸ್‌ಗಳಿಗೇ ಹೋಯಿತು. ಸಂಜೆ 4.30ಕ್ಕೆ ಹೊರಟು 7.30ಕ್ಕೆ ಬಡಿಸಲಾಯಿತು. ನಾರುತ್ತಿರಲಿಲ್ಲ, ಹುಳಿಯೂ ಆಗಿರಲಿಲ್ಲ. ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡವರೂ ಇದ್ದರು. 9.30ರಿಂದ 11ರೊಳಗೆ 23 ಮಂದಿಗೆ ವಾಂತಿ. ಇಬ್ಬರಿಗೆ ಡ್ರಿಪ್ ಹಾಕಬೇಕಾಯಿತು. ಮರುದಿನ ಸಂಜೆಗೆ ಎಲ್ಲರೂ ಮನೆ ಸೇರಿದರು.

ಅನ್ನದೊಳಗೆ ನಡೆದದ್ದು

ಹಸಿ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು (ಶಾಖ ತಡೆಯುವ ಅದರ ಸುಪ್ತ ರೂಪ) ಇರುವುದು ಸಾಮಾನ್ಯ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಬೆಚ್ಚಗೆ ಉಳಿದರೆ ಮೊಳೆತು ಬೆಳೆಯುತ್ತವೆ. ವಾಂತಿ ತರಿಸುವ ವಿಷವನ್ನು ಅವು ಅನ್ನದಲ್ಲೇ ಬಿಟ್ಟಿರುತ್ತವೆ. ಆ ವಿಷ ಎಷ್ಟು ಗಟ್ಟಿ ಎಂದರೆ ಮತ್ತೆ ಕುದಿಸಿದರೂ ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ, ಒಂದು ದಿನದಲ್ಲಿ ಇಳಿಮುಖ.

ಮೂರು ಸಂಗತಿ ಸೇರಿ ಕೆಲಸ ಕೆಡಿಸಿದವು. ಮೊದಲನೆಯದು ಆಳ. ಅನ್ನದ ರಾಶಿಯ ದಪ್ಪ ಎರಡು ಪಟ್ಟಾದರೆ ನಡುಭಾಗ ತಣಿಯುವ ಕಾಲ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಎರಡನೆಯದು ಹಾಲು. ಮೊಸರಿನ ಹುಳಿ ಬ್ಯಾಕ್ಟೀರಿಯಾಕ್ಕೆ ಕಡಿವಾಣ. ಹುಳಿ ಬರದಿರಲೆಂದು ಮೊಸರು ಕಡಿಮೆ ಮಾಡಿ ಹಾಲು ಹೆಚ್ಚಿಸುವುದು ನಮ್ಮ ಮನೆಗಳಲ್ಲೂ ಇರುವ ಜಾಣತನ, ಬುತ್ತಿಯ ಮೊಸರನ್ನಕ್ಕೆ ಅದು ಒಗ್ಗುತ್ತದೆ. ಆದರೆ ಬಿಸಿ ಆರದ 32 ಕಿಲೋ ಅನ್ನದಲ್ಲಿ ಅದೇ ಜಾಣತನ ಆ ಕಡಿವಾಣ ಕಳಚಿತು. ಮೂರನೆಯದು ಹಾಟ್‌ಬಾಕ್ಸ್. ಅದಕ್ಕೆ ಬಿಸಿ, ತಣ್ಣಗೆ ಎಂಬ ಭೇದವಿಲ್ಲ, ಕೊಟ್ಟ ಉಷ್ಣತೆಯನ್ನು ಕಾಪಾಡುತ್ತದೆ, ಅಷ್ಟೆ. 40ರ ಆಸುಪಾಸಿನಲ್ಲಿ ಒಳಗೆ ಹೋದ ಮೊಸರನ್ನವನ್ನು ಅದು ಏಳು ಗಂಟೆ ಕಾಲ ಕಾವಿಗೆ ಕೂರಿಸಿತು.

ಇಷ್ಟಾದರೂ ‘ಇದೇ ಕಾರಣ’ ಎಂದು ಪ್ರಯೋಗಾಲಯದಿಂದ ಬರೆಸಿಕೊಳ್ಳಲು ಆಗಲಿಲ್ಲ. ಕೈಯ ಗಾಯದಿಂದ ಬರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕೂಡ ಇಷ್ಟೇ ಹೊತ್ತಿನಲ್ಲಿ ವಾಂತಿ ತರಿಸುತ್ತದೆ. ಎರಡನ್ನೂ ಬೇರ್ಪಡಿಸಲು ಆಹಾರದ ಮಾದರಿ ಬೇಕು. ಪ್ರತಿ ಅಡುಗೆಯಿಂದ 150 ಗ್ರಾಂ ತೆಗೆದು ಫ್ರಿಜ್‌ನಲ್ಲಿ 72 ಗಂಟೆ ಇಡಬೇಕೆಂಬ ಅಲ್ಲಿನ ನಿಯಮ ಹಾಳೆಯ ಮೇಲಿತ್ತು. ಮಾದರಿಯ ಡಬ್ಬಿಗಳಲ್ಲಿ ಯಾರೋ ಕೊತ್ತಂಬರಿ ಸೊಪ್ಪು ತುಂಬಿದ್ದರು. ಸಿಎಫ್‌ಟಿಆರ್‌ಐನಂಥ ಆಹಾರ ಸಂಶೋಧನಾ ಸಂಸ್ಥೆ ಇರುವ ಊರಿನಲ್ಲಿ ಪರೀಕ್ಷೆಗೆ ಕೊಡಲು ಒಂದು ಹಿಡಿ ಅನ್ನ ಉಳಿದಿರಲಿಲ್ಲ.

ಹುಡುಗ ಯಾಕೆ ನೆಲ ನೋಡಿದ

ಆಹಾರ ಸುರಕ್ಷತಾ ಇಲಾಖೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸುಧಾರಣಾ ನೋಟಿಸ್ ಕೊಟ್ಟಿತು. ತಣಿಸುವ ವಿಧಾನ, ಥರ್ಮಾಮೀಟರ್, ದಾಖಲೆ, ಮಾದರಿ ಎಲ್ಲವೂ ಅದರಲ್ಲಿದ್ದವು. ಹುಡುಗ ಹೇಳಿದ್ದ, ಕೇಳಿದ್ದವರು ಸುಮ್ಮನಿದ್ದರು ಎಂಬುದು ಅದರಲ್ಲಿರಲಿಲ್ಲ. ನೋಟಿಸ್‌ನಲ್ಲಿ ಬರೆಯುವಂಥ ಸಂಗತಿಯೂ ಅದಲ್ಲ.

ಅದನ್ನು ಹುಡುಕಬೇಕಾದರೆ ಎರಡು ವಾರ ಹಿಂದಕ್ಕೆ ಹೋಗಬೇಕು. ಬೆಳಗಿನ ಜಾವ ಗ್ರೈಂಡರ್ ತೊಳೆಯುತ್ತಿದ್ದ ಹೆಂಗಸೊಬ್ಬರು ಕಲ್ಲಿನ ಮೇಲಿನ ನಟ್ಟು ಕಾಣುತ್ತಿಲ್ಲ ಎಂದು ಹೇಳಿದರು. 38 ಕಿಲೋ ದೋಸೆ ಹಿಟ್ಟು ಚೆಲ್ಲಿದರು. ಚೆಲ್ಲಿದ್ದು ಸರಿಯಾದ ತೀರ್ಮಾನವೇ. ಕೆಟ್ಟದ್ದು ಆಮೇಲಿನದು. ನಷ್ಟವನ್ನು ಗ್ರೈಂಡರ್ ಪಾಳಿಯ ಮೂವರ ಕೂಲಿಯಲ್ಲಿ ಹಿಡಿದರು, ಹೇಳಿದಾಕೆಯನ್ನು ಪಾತ್ರೆ ತೊಳೆಯುವ ಕಡೆಗೆ ಹಾಕಿದರು. ಮ್ಯಾನೇಜರ್ ಬಾಯಲ್ಲಿ ಒಂದು ಕಟು ಮಾತೂ ಬರಲಿಲ್ಲ. ‘ಹೇಳಿದ್ದು ಒಳ್ಳೇದು ಕಣಮ್ಮ’ ಎಂದೇ ಅಂದಿದ್ದರು. ಆದರೆ ಶನಿವಾರ ಬಟವಾಡೆಯ ಹೊತ್ತಿಗೆ 46 ಮಂದಿಗೂ ಲೆಕ್ಕ ಗೊತ್ತಾಗಿತ್ತು. ಬಾಯಿ ಬಿಟ್ಟರೆ ಅರ್ಧ ದಿನದ ಕೂಲಿ ಖೋತಾ, ಸುಮ್ಮನಿದ್ದರೆ ಏನೂ ಇಲ್ಲ.

ತಾಪಮಾನದ ಪುಸ್ತಕ ಇನ್ನೊಂದು ಸಾಕ್ಷಿ. ಸಾಂಬಾರು 68, ಪಲ್ಯ 68, ಅನ್ನ 70, ಸಾಂಬಾರು 68. ಒಂದೇ ಕೈಬರಹ, ಒಂದೇ ಪೆನ್ನು. ಥರ್ಮಾಮೀಟರ್ ‘ಕಳೆದುಹೋಗುತ್ತೆ’ ಎಂದು ಮ್ಯಾನೇಜರ್ ಮೇಜಿನ ಡ್ರಾಯರಿನಲ್ಲಿ ಬೀಗದಲ್ಲಿತ್ತು, ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ. ಪುಸ್ತಕ ತುಂಬಿದವನನ್ನು ಸುಳ್ಳುಗಾರ ಎನ್ನುವುದು ಸುಲಭ. ಅವನಿಗೆ ಸಿಕ್ಕಿದ್ದ ಅಪ್ಪಣೆ ಪುಸ್ತಕ ಖಾಲಿ ಇರಬಾರದು ಎಂದು. ಅಳೆಯಬೇಕೆಂದು ಯಾರೂ ಹೇಳಿರಲಿಲ್ಲ.

ಇನ್ನೂ ಮೇಲೆ ಹೋದರೆ ಕಾರ್ಖಾನೆಯ ಜೊತೆಗಿನ ಕರಾರು. ಊಟ 15 ನಿಮಿಷ ತಡವಾದರೆ ಬಿಲ್ಲಿನಲ್ಲಿ ಕಡಿತ, ಪಟ್ಟಿಯಲ್ಲಿರುವ ಒಂದು ಪದಾರ್ಥ ಬಾರದಿದ್ದರೂ ಕಡಿತ. ಎಷ್ಟು ಡಿಗ್ರಿಯಲ್ಲಿ ಬಂತು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಆ ಮಧ್ಯಾಹ್ನ ಭಟ್ಟರ ಜಾಗದಲ್ಲಿ ನಿಂತು ನೋಡಿ. ಮುಂದೆ 1,400 ಊಟದ ಟೆಂಪೋ ಹಾರ್ನ್, ಕೈಯಲ್ಲಿ ಬಿಸಿ ಅನ್ನ, ಸಂಜೆಗೆ ಬೇರೆ ಏನೂ ಇಲ್ಲ. ‘ನಿಲ್ಲಿಸು’ ಎಂದರೆ 300 ಮಂದಿಗೆ ಏನು ಕೊಡುವುದು? ಹುಡುಗನ ಮಾತನ್ನು ಒಪ್ಪಿಕೊಳ್ಳಲು ಅವರ ಹತ್ತಿರ ಜಾಗವೇ ಇರಲಿಲ್ಲ. ‘ಧೈರ್ಯವಾಗಿ ಹೇಳಿ’ ಎಂದು ಎಷ್ಟು ಪೋಸ್ಟರ್ ಅಂಟಿಸಿದರೂ ಅಷ್ಟೆ. ಹೇಳಿದ ಮಾತಿಗೆ ಬದಲಿ ಅಡುಗೆ ಸಿದ್ಧವಿಲ್ಲದ ಕಡೆ, ಹೇಳುವವನು ಎಲ್ಲರ ಕಣ್ಣಿಗೆ ಅಡ್ಡಗಾಲು.

ಮೊದಲು ಮಾಡಿದ್ದು, ಕೈಕೊಟ್ಟಿದ್ದು

ಮೊದಲ ಪ್ರಯತ್ನ ದೂರು ಪೆಟ್ಟಿಗೆ. ಮ್ಯಾನೇಜರ್ ಕೋಣೆಯ ಹೊರಗೆ, ಸಿಸಿ ಕ್ಯಾಮೆರಾದ ನೇರ ಕೆಳಗೆ. ಅರ್ಧದಷ್ಟು ಜನಕ್ಕೆ ಬರೆಯಲು ಬಾರದು, ಉಳಿದವರಿಗೆ ಕ್ಯಾಮೆರಾ ಕಾಣುತ್ತದೆ. ಒಂದು ತಿಂಗಳಲ್ಲಿ ಬಿದ್ದದ್ದು ಎರಡು ಚೀಟಿ, ಎರಡೂ ಟೀ ತೆಳ್ಳಗಿದೆ ಎಂದು.

ಎರಡನೆಯದು ಬಹುಮಾನ, ತೋರಿಸಿದ ತಪ್ಪಿಗೆ ತಲಾ 100 ರೂಪಾಯಿ. ಮೊದಲ ವಾರವೇ ನೊಣ, ಜೇಡರ ಬಲೆ, ಒದ್ದೆ ನೆಲದ ಸುರಿಮಳೆ. ಎರಡನೇ ವಾರ ಇಬ್ಬರು ಒಂದೇ ನೊಣಕ್ಕೆ ಜಗಳವಾಡಿದರು. ಅದಕ್ಕಿಂತ ಕೆಟ್ಟದ್ದು, ಬೆಳಿಗ್ಗೆ ಕಂಡದ್ದನ್ನು ಮಾಲೀಕರು ಬರುವ ಸಂಜೆವರೆಗೆ ಇಟ್ಟುಕೊಳ್ಳುವುದು ಶುರುವಾಯಿತು. ಬಹುಮಾನ ನಿಲ್ಲಿಸಿದರು.

ಕೆಲಸಕ್ಕೆ ಬಂದದ್ದು

ಮಾಲೀಕರು ಮೊದಲು ಹಣದ ಕಡೆಯಿಂದ ಬಂದರು. ಗ್ರೈಂಡರ್ ಪಾಳಿಯ ಮೂವರಿಗೆ ಹಿಡಿದ ಕೂಲಿಯನ್ನು ಎಲ್ಲರೆದುರು ವಾಪಸ್ ಕೊಟ್ಟರು, ಆಕೆಯನ್ನು ಹಳೆಯ ಜಾಗಕ್ಕೆ ಕಳಿಸಿದರು. ಭಾಷಣ ಮಾಡಲಿಲ್ಲ. ಇದೊಂದು ಆಗದೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ ಎಂಬುದು ನಮ್ಮ ಎಣಿಕೆ.

ಆಮೇಲೆ ಬದಲಿ ಕಪಾಟು. 24 ಕಿಲೋ ಗಟ್ಟಿ ಅವಲಕ್ಕಿ (ತಲೆಗೆ 80 ಗ್ರಾಂನಂತೆ 300 ಮಂದಿಗೆ), ಹುಣಸೆ, ಬೆಲ್ಲ, ಸಾರಿನ ಪುಡಿ, ಒಣಕೊಬ್ಬರಿ, ಕಡಲೆಕಾಯಿ ಬೀಜ. ಗೊಜ್ಜವಲಕ್ಕಿಗೆ ಒಗ್ಗರಣೆ ಬಿಟ್ಟರೆ ಒಲೆ ಬೇಡ. ಅವಲಕ್ಕಿ ತರಿಯಾಗಿ ಪುಡಿ ಮಾಡಿಟ್ಟಿದ್ದರೆ 40 ನಿಮಿಷದಲ್ಲಿ ಸಿದ್ಧ, ಮೈಸೂರಿನ ನಾಲಿಗೆಗೆ ಹೊಸದೂ ಅಲ್ಲ. ಕಪಾಟಿನಲ್ಲಿ ಹುಳು ಬೀಳದಂತೆ ತಿಂಗಳಿಗೊಮ್ಮೆ ಬೆಳಗಿನ ತಿಂಡಿಗೆ ಬಳಸಿ ಹೊಸದು ತುಂಬುತ್ತಾರೆ. ಕಪಾಟು ತೆರೆಯಲು ಯಾರ ಅಪ್ಪಣೆಯೂ ಬೇಡ, ಭಟ್ಟರ ಮಾತು ಸಾಕು. ಕಾರ್ಖಾನೆಯ ಕರಾರಿನಲ್ಲೂ ಒಂದು ಸಾಲು ಸೇರಿಸಿದರು. ಬಡಿಸುವ 90 ನಿಮಿಷ ಮೊದಲು ತಿಳಿಸಿದರೆ ಒಂದು ಪದಾರ್ಥ ಬದಲಾಯಿಸಬಹುದು, ಕಡಿತವಿಲ್ಲ. ಈ ಸಾಲು ಬರೆಸಲು ಮೂರು ವಾರ ಓಡಾಡಬೇಕಾಯಿತು.

ಮೊಸರನ್ನದ ವಿಧಾನವೂ ಬದಲಾಯಿತು. ಬಳಕೆಯಲ್ಲಿರುವ ಒಂದು ಒಳ್ಳೆಯ ಅಳತೆ ಅಮೆರಿಕದ ಫುಡ್ ಕೋಡ್‌ನದು: ಬೆಂದ ಆಹಾರ 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಒಟ್ಟು ಆರು ಗಂಟೆಯೊಳಗೆ 5ಕ್ಕೆ ಇಳಿಯಬೇಕು. ಏಪ್ರಿಲ್ ಮಧ್ಯಾಹ್ನ ಮೈಸೂರಿನ ಗಾಳಿಯೇ 34–35 ಡಿಗ್ರಿ ಇರುವಾಗ ಫ್ಯಾನ್ ಕೆಳಗೆ ಅದು ಆಗದ ಮಾತು. ಹಾಗಾಗಿ ತಣಿಸಿಡುವ ಯೋಚನೆಯನ್ನೇ ಬಿಟ್ಟರು. ಸಂಜೆಯ ಅನ್ನ ಈಗ 4.30ಕ್ಕೆ ಬೇಯುತ್ತದೆ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ನಾಲ್ಕು ಸ್ಟೀಲ್ ಟ್ರೇಗಳಲ್ಲಿ 5 ಸೆಂ.ಮೀ.ಗಿಂತ ದಪ್ಪವಾಗದಂತೆ ಹರಡುತ್ತಾರೆ, ಟ್ರೇಗೆ ಸುಮಾರು 8 ಕಿಲೋ. ನಡುವೆ 40 ಡಿಗ್ರಿಗಿಂತ ಕೆಳಗಿಳಿದ ಮೇಲೆ ಫ್ರಿಜ್‌ನಿಂದ ಆಗಷ್ಟೇ ತೆಗೆದ ತಣ್ಣನೆಯ ಮೊಸರು, ಸ್ವಲ್ಪ ಹಾಲು, ಒಟ್ಟು 22 ಕಿಲೋ ಬೆರೆಸಿದರೆ ಮಿಶ್ರಣ 25ರ ಆಸುಪಾಸಿಗೆ ಇಳಿಯುತ್ತದೆ. ಹಾಟ್‌ಬಾಕ್ಸ್‌ನಲ್ಲಿ ಮೊದಲೇ ಐಸ್ ನೀರು ತುಂಬಿಸಿ ಚೆಲ್ಲಿರುತ್ತಾರೆ. 7.30ಕ್ಕೆ ಬಡಿಸಿ, 9ಕ್ಕೆ ಉಳಿದದ್ದನ್ನು ಎಸೆಯುತ್ತಾರೆ.

ಥರ್ಮಾಮೀಟರ್ ನಾಲ್ಕು ಬಂದವು, ಒಲೆ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. ಸೋಮವಾರ ಸೋಮವಾರ ಪರೀಕ್ಷೆ: ಐಸ್ ತುಂಬಿದ ನೀರಿನಲ್ಲಿ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲವೆಂದು ಮೊದಲ ವಾರ ಎರಡನ್ನು ಕೆಟ್ಟಿವೆ ಎಂದು ಎತ್ತಿಟ್ಟಿದ್ದರು. ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ ನೀರು ಕುದಿಯುವುದೇ 97.5ರ ಹತ್ತಿರ. ಮೀಟರ್ ಸರಿಯಾಗಿಯೇ ಇತ್ತು.

ಈ ಸಣ್ಣ ಮೀಟರ್ ಇನ್ನೊಂದು ಕೆಲಸವನ್ನೂ ಮಾಡಿತು. ಮೂವತ್ತು ವರ್ಷ ಸೌಟು ಹಿಡಿದ ಭಟ್ಟರಿಗೆ ಇಪ್ಪತ್ತರ ಹುಡುಗ ‘ಇನ್ನೂ ಬಿಸಿ ಐತೆ’ ಎನ್ನುವುದು ಎದುರುತ್ತರ. ‘48 ತೋರಿಸ್ತಾ ಐತೆ ಭಟ್ರೇ, ನೀವೇ ನೋಡಿ’ ಎನ್ನುವುದು ಎದುರುತ್ತರವಲ್ಲ. ಅದರ ಜೊತೆಗೆ ಕೆಂಪು ಬಟ್ಟೆ. ಯಾವ ಪಾತ್ರೆಯ ಮೇಲೆ ಅನುಮಾನ ಬಂದರೂ ಯಾರು ಬೇಕಾದರೂ ಹಿಡಿಗೆ ಕೆಂಪು ಬಟ್ಟೆ ಕಟ್ಟಬಹುದು. ಕಟ್ಟಿದವರು ಮತ್ತು ಭಟ್ಟರು (ಅಥವಾ ಮ್ಯಾನೇಜರ್) ಇಬ್ಬರೂ ಸೇರಿ ಬಿಚ್ಚಬೇಕು. ಕನ್ನಡ ಬಾರದವನಿಗೂ ಇದು ಸಾಕು. ಐದು ನಿಮಿಷದಲ್ಲಿ ತೀರ್ಮಾನ: ಬಡಿಸು, ಕುದಿಸು, ಎಸೆ. ಏನಾಯಿತೆಂದು ಕಟ್ಟಿದವರಿಗೆ ಅದೇ ದಿನ ತಿಳಿಸಬೇಕು. ಈ ಕೊನೆಯದನ್ನು ಬಹಳ ಕಡೆ ಮರೆಯುತ್ತಾರೆ. ಹೇಳಿದ ಮಾತು ಎಲ್ಲಿ ಹೋಯಿತೆಂದು ತಿಳಿಯದವನು ಎರಡನೇ ಸಲ ಹೇಳುವುದಿಲ್ಲ.

ಬಟ್ಟೆ ಸುಮ್ಮಸುಮ್ಮನೆ ಕಟ್ಟಿದರೆ? ಮೂರನೇ ದಿನವೇ ಆಯಿತು. ಒಡಿಶಾದ ಹುಡುಗ ಪಾಯಸದ ಕೊಳಗಕ್ಕೆ ಬಟ್ಟೆ ಕಟ್ಟಿದ, ಏನೋ ಔಷಧಿ ವಾಸನೆ ಬರುತ್ತಿದೆ ಎಂದು. ಭಟ್ಟರು ಹಾಕಿದ್ದು ಪಚ್ಚಕರ್ಪೂರ. ಅಡುಗೆಮನೆಯೆಲ್ಲ ನಕ್ಕಿತು. ಮ್ಯಾನೇಜರ್ ನಗಲಿಲ್ಲ. ಪಚ್ಚಕರ್ಪೂರದ ಡಬ್ಬಿ ತರಿಸಿ ಹುಡುಗನಿಗೆ ಮೂಸಿಸಿದರು, ಅದರ ಪಕ್ಕ ಪೂಜೆಯ ಕರ್ಪೂರವನ್ನೂ ಇಟ್ಟರು. ತಿನ್ನುವುದು ಒಂದು, ತಿನ್ನಬಾರದ್ದು ಇನ್ನೊಂದು, ಒಂದೇ ಕಪಾಟಿನಲ್ಲಿದ್ದರೆ ಅದಲುಬದಲಾಗುವುದು ನಿಜವೇ. ಪೂಜೆಯ ಕರ್ಪೂರ ಅಂದೇ ಅಡುಗೆಮನೆಯಿಂದ ಹೊರಗೆ ಹೋಯಿತು. ನಗೆಗೀಡಾದ ಹುಡುಗ ನಾಲ್ಕು ದಿನದ ಮೇಲೆ ಮತ್ತೆ ಬಟ್ಟೆ ಕಟ್ಟಿದ, ಈ ಸಲ ಟೆಂಪೋದಲ್ಲಿ ಬಿರುಕು ಬಿಟ್ಟ ಹಾಟ್‌ಬಾಕ್ಸ್ ಮುಚ್ಚಳಕ್ಕೆ.

ಮ್ಯಾನೇಜರ್ ಬದಲಿಸಿಕೊಂಡದ್ದು ಒಂದು ಪ್ರಶ್ನೆ, ಒಂದು ಜಾಗ. ‘ಎಲ್ಲ ಸರಿ ಇದೆಯಾ?’ ಎಂದರೆ ‘ಏನಿಲ್ಲ ಸಾರ್, ಸರಿ ಇದೆ’ ಎಂಬ ಉತ್ತರ ಮೊದಲೇ ಸಿದ್ಧ. ಈಗ ಕೇಳುವುದು, ‘ಇವತ್ತು ಯಾವ ಪಾತ್ರೆ ಮೇಲೆ ಅನುಮಾನ?’ ಕೋಣೆಯಿಂದಲ್ಲ, ಲೋಡಿಂಗ್ ಬಾಗಿಲಲ್ಲಿ ನಿಂತು, ಟೆಂಪೋ ಬರುವ ಅರ್ಧ ಗಂಟೆ ಮೊದಲು, ಫೋನು ಜೇಬಿನಲ್ಲಿಟ್ಟು. ಅವಸರದ ಅರ್ಧ ಗಂಟೆ ಅದೇ, ಮಾತು ಸಾಯುವುದೂ ಅಲ್ಲೇ.

ಭಟ್ಟರ ಜೊತೆ ಮಾಲೀಕರು ಒಂದು ಸಂಜೆ ಒಬ್ಬರೇ ಕೂತು ಮಾತಾಡಿದರು. ಅಡುಗೆಮನೆಯಲ್ಲಿ ನಿಜವಾದ ಯಜಮಾನಿಕೆ ಸೌಟು ಹಿಡಿದವರದು, ಮ್ಯಾನೇಜರ್‌ದಲ್ಲ. ಅವರನ್ನು ಎಲ್ಲರೆದುರು ತಪ್ಪಿತಸ್ಥರನ್ನಾಗಿ ಮಾಡಿದ್ದರೆ ಕೆಂಪು ಬಟ್ಟೆ ಒಂದು ವಾರದಲ್ಲಿ ಒಲೆ ಒರೆಸುವ ಬಟ್ಟೆಯಾಗುತ್ತಿತ್ತು. ಮೊದಲ ಬಟ್ಟೆಯನ್ನು ಭಟ್ಟರೇ ಕಟ್ಟಿದರು, ತಮ್ಮದೇ ಹುಳಿಯ ಕೊಳಗಕ್ಕೆ. ಬೇಳೆಯಲ್ಲಿ ಕಲ್ಲು ಸಿಕ್ಕಿತ್ತು. ಮುಂದಿನ ಫಾಸ್ಟ್ಯಾಕ್ ತರಬೇತಿಗೆ ಹೋದವರೂ ಅವರೇ.

ಹೊಟ್ಟೆ ಕೆಟ್ಟವರ ವಿಷಯ ಸಂಕ್ಷಿಪ್ತ. ವಾಂತಿ-ಭೇದಿ ನಿಂತು 48 ಗಂಟೆ ಆಗುವವರೆಗೆ ಆಹಾರ ಮುಟ್ಟುವಂತಿಲ್ಲ. ಆ ಎರಡು ದಿನದ ಕೂಲಿ ಕೊಡುತ್ತಾರೆ. ಕೊಡದಿದ್ದರೆ ಯಾರೂ ಹೇಳುವುದಿಲ್ಲ, ಮಾತ್ರೆ ನುಂಗಿ ಬರುತ್ತಾರೆ. ಗುತ್ತಿಗೆದಾರನ ಹುಡುಗರಿಗೂ ಇದು ಅನ್ವಯಿಸಬೇಕೆಂದು ಬರೆಸಿಕೊಂಡದ್ದು ತಡವಾಗಿ, ಎರಡನೇ ತಿಂಗಳಲ್ಲಿ.

ಪುಸ್ತಕ ಓದುವ ಬಗೆ

ಮೊದಲ ತಿಂಗಳು 3 ಬಟ್ಟೆ, ಎರಡನೆಯದು 19, ಮೂರನೆಯದು 27. ಮಾಲೀಕರಿಗೆ ಗಾಬರಿ, ಅಡುಗೆಮನೆ ಕೆಡುತ್ತಿದೆಯೇ ಎಂದು. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆ ವಾರ್ಡುಗಳಲ್ಲಿ ಔಷಧಿಯ ತಪ್ಪುಗಳನ್ನು ಎಣಿಸಿದಾಗ ಇದೇ ಒಗಟು ಎದುರಾಗಿತ್ತು. ಒಳ್ಳೆಯ ನಾಯಕತ್ವವಿದ್ದ ವಾರ್ಡುಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು. ಅಲ್ಲಿ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ. ಈ ಅಡುಗೆಮನೆಯ ಪುಸ್ತಕದಲ್ಲಿ ಈಗ 61, 74, 58, 66 ಎಂದು ಬೇರೆ ಬೇರೆ ಅಂಕಿಗಳಿವೆ, 58ರ ಎದುರು ‘ಮತ್ತೆ ಕುದಿಸಿದೆ’ ಎಂಬ ಬರಹವಿದೆ. 68ರ ಸಾಲುಗಳಿಗಿಂತ ಇದು ನಂಬಲರ್ಹ.

ಭಾನುವಾರದ ಕಾಲಂ ಮಾತ್ರ ಇನ್ನೂ ಹಳೆಯ ರೀತಿಯಲ್ಲೇ ಇದೆ: 68, 68, 70, 68. ಅಂದು ಅರ್ಧದಷ್ಟೇ ಜನ, ಮ್ಯಾನೇಜರ್‌ಗೂ ಭಟ್ಟರಿಗೂ ರಜೆ, ಉಸ್ತುವಾರಿ ಕಿರಿಯ ಅಡುಗೆಯವನದು. ಮೂರು ತಿಂಗಳಲ್ಲಿ ಭಾನುವಾರ ಒಂದೇ ಒಂದು ಕೆಂಪು ಬಟ್ಟೆ ಕಟ್ಟಿಲ್ಲ. ಮ್ಯಾನೇಜರ್ ಮುಂದಿನ ತಿಂಗಳಿಂದ ತಮ್ಮ ರಜೆಯನ್ನು ಬುಧವಾರಕ್ಕೆ ಹಾಕಿಕೊಂಡಿದ್ದಾರೆ.